ಪದ ಪರಿಚಯ: ಅನಾನ್

ಅನಾನ್ (ಕ್ರಿಯಾವಿಶೇಷಣ): ಇನ್ನೇನು, ಸ್ವಲ್ಪ ಹೊತ್ತಿನಲ್ಲೇ.

ಹಳೆಯ ಇಂಗ್ಲಿಷಿನ ‘ಒನ್ ಆನ್’ ಇದರ ಮೂಲ. ಪದಶಃ ‘ಒಂದರೊಳಗೆ’, ಬಳಕೆಯಲ್ಲಿ ‘ನೇರವಾಗಿ, ತಕ್ಷಣವೇ’. ಕರೆದಾಗ ‘ಈಗಲೇ ಬಂದೆ’ ಎಂದವರು ತಡಮಾಡುತ್ತ ಹೋದಂತೆ ಪದದ ಅರ್ಥವೂ ಸಡಿಲವಾಗಿ ‘ಇನ್ನು ಸ್ವಲ್ಪ ಹೊತ್ತಿಗೆ’ ಎಂದಾಯಿತು. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಮದ್ಯದಂಗಡಿಯ ಹುಡುಗ ಫ್ರಾನ್ಸಿಸ್ ಕರೆದಾಗಲೆಲ್ಲ ಓಗೊಡುವುದು ಈ ಪದದಿಂದಲೇ.

‘ಸೂನ್’, ‘ಪ್ರೆಸೆಂಟ್ಲಿ’, ‘ಬೈ ಅಂಡ್ ಬೈ’ಗಳೂ ಇದೇ ದಾರಿ ಹಿಡಿದವು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ಬೈ ಅಂಡ್ ಬೈ’ ಎಂದರೆ ‘ಕೂಡಲೇ’. ಇಂದು ‘ಕ್ರಮೇಣ, ಸ್ವಲ್ಪ ಕಾಲದ ಮೇಲೆ’. ‘ಪ್ರೆಸೆಂಟ್ಲಿ’ಗೆ ಅಮೆರಿಕದಲ್ಲಿ ‘ಸದ್ಯಕ್ಕೆ’ ಎಂಬ ಅರ್ಥವೂ ಉಂಟು. ‘ಅನಾನ್’ ಈಗ ಮಾತಿನಲ್ಲಿ ಅಪರೂಪ. ಹಳೆಯ ಕೃತಿಗಳನ್ನು ಓದುವವರು, ಅನುವಾದಿಸುವವರು ಮೊದಲು ಕೃತಿಯ ಕಾಲವನ್ನು ಗಮನಿಸಿ ಅರ್ಥ ಹಿಡಿಯಬೇಕು.