ಇರವು ತಿಳಿಯುತ್ತದೆ, ಗುರುತು ತಿಳಿಯದು

ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಅಟ್ಟಣೆ ಕಟ್ಟಿ, ಲಾಟೀನು ತೂಗುಹಾಕಿ, ತಗಡಿನ ಡಬ್ಬ ಬಡಿಯುತ್ತ ರಾತ್ರಿ ಕಳೆಯುವ ಕಾವಲನ್ನು ಮಲೆನಾಡಿನಲ್ಲಿ ಬೆಳೆದವರು ಬಲ್ಲರು. ಕತ್ತಲೆಯಲ್ಲಿ ಪೊದೆ ಅಲುಗಿದರೆ ಕಾವಲಿನವನ ಬಾಯಿಂದ ಮೊದಲು ಹೊರಡುವ ಮಾತು ‘ಯಾರದು?’ ಎಂಬುದು. ಉತ್ತರ ಬಂದರೆ ಊರವರು. ಬಾರದಿದ್ದರೆ ಹಂದಿಯೋ ಕಾಡುಕೋಣವೋ ಕಳ್ಳನೋ ಎಂದು ಮುಂದಿನ ಯೋಚನೆ. ಕಾವಲೆಂದರೆ ನೋಡುವುದಷ್ಟೇ ಅಲ್ಲ, ಕೇಳುವುದೂ ಹೌದು.

ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಹಲವರ ಪಾಲಿಗೆ ಊರಿನ ಮನೆ, ತೋಟಗಳ ಕಾವಲು ಈಗ ಕ್ಯಾಮೆರಾದ ಪಾಲಾಗಿದೆ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಕುಳಿತು ಫೋನಿನ ತೆರೆಯ ಮೇಲೆ ಊರಿನ ಅಂಗಳವನ್ನು ನೋಡುತ್ತೇವೆ. ಈಚೆಗೆ ಥರ್ಮಲ್ ಕ್ಯಾಮೆರಾಗಳೂ ಸಾಮಾನ್ಯರ ಕೈಗೆಟುಕುವಂತಾಗಿವೆ. ಬೆಳಕಿನ ಹಂಗಿಲ್ಲದೆ, ಮೈಯಿಂದ ಹೊರಡುವ ಶಾಖದಿಂದಲೇ ಚಿತ್ರ ಮೂಡಿಸುವ ಯಂತ್ರ ಇದು. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಬೆಲೆಪಟ್ಟಿಯಲ್ಲಿ ಸಿಗುವ ಉತ್ತರಕ್ಕಿಂತ ಹೆಚ್ಚಿನದು ಈ ಯಂತ್ರದ ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಸಿಗುತ್ತದೆ ಎಂಬುದು ನಮ್ಮ ಅನಿಸಿಕೆ.

ಆ ಚರಿತ್ರೆ ಆರಂಭವಾಗುವುದು ಹಗಲಿನಲ್ಲಿ, ಅದೂ ಸೂರ್ಯನಿಂದ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್, ಸೂರ್ಯನನ್ನು ದೂರದರ್ಶಕದಲ್ಲಿ ನೋಡುವಾಗ ಕಣ್ಣಿನ ರಕ್ಷಣೆಗೆ ಬಗೆಬಗೆಯ ಬಣ್ಣದ ಗಾಜುಗಳನ್ನು ಬಳಸುತ್ತಿದ್ದರು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಿದ್ದರೂ ಶಾಖ ಹೆಚ್ಚು, ಇನ್ನು ಕೆಲವರಲ್ಲಿ ಬೆಳಕು ಹೆಚ್ಚಿದ್ದರೂ ಶಾಖ ಕಡಿಮೆ ಎಂಬುದು ಅವರ ಗಮನಕ್ಕೆ ಬಂತು. 1800ರಲ್ಲಿ ಅವರು ಬಿಸಿಲನ್ನು ಪಟ್ಟಕದ ಮೂಲಕ ಬಣ್ಣಗಳಾಗಿ ಒಡೆದು, ಬುರುಡೆಗೆ ಕಪ್ಪು ಬಳಿದ ಥರ್ಮಾಮೀಟರುಗಳನ್ನು ಒಂದೊಂದು ಬಣ್ಣದಲ್ಲಿಟ್ಟು ಅಳೆದರು. ನೇರಳೆಯಿಂದ ಕೆಂಪಿನ ಕಡೆಗೆ ಶಾಖ ಏರುತ್ತ ಹೋಯಿತು. ಕೆಂಪು ಮುಗಿದ ಮೇಲೆ, ಕಣ್ಣಿಗೆ ಏನೂ ಇಲ್ಲದ ಕಡೆಯಲ್ಲಿ ಪಾದರಸ ಇನ್ನೂ ಮೇಲೇರಿತು. ಇಂದು ನಾವು ಅವಕೆಂಪು ಎನ್ನುವ ಕಿರಣಗಳು ಮನುಷ್ಯನ ಲೆಕ್ಕಕ್ಕೆ ಸಿಕ್ಕಿದ್ದು ಹೀಗೆ. ಕಾಣುವುದಕ್ಕೆ ಮೊದಲು ಅವು ಅಳತೆಗೆ ಸಿಕ್ಕವು.

ಅಳತೆಯನ್ನು ಚಿತ್ರವಾಗಿಸುವ ಮೊದಲ ಯತ್ನ ಹರ್ಷಲರ ಮಗ ಜಾನ್ ಹರ್ಷಲರದು. 1840ರಲ್ಲಿ ಅವರು ಮಸಿ ಹಿಡಿಸಿದ ಕಾಗದವನ್ನು ಮದ್ಯಸಾರದಲ್ಲಿ ತೋಯಿಸಿ ಆ ಕಾಣದ ಕಿರಣಗಳಿಗೆ ಒಡ್ಡಿದರು. ಶಾಖ ಬಿದ್ದೆಡೆ ಬೇಗ ಒಣಗಿ ಗುರುತು ಮೂಡಿತು. ಅದಕ್ಕೂ ಮೊದಲೇ, 1830ರ ದಶಕದಲ್ಲಿ, ಇಟಲಿಯ ಮೆಲೋನಿ ಎರಡು ಲೋಹಗಳ ಬೆಸುಗೆಗಳನ್ನು ಸಾಲಾಗಿ ಜೋಡಿಸಿದ ಥರ್ಮೋಪೈಲ್ ಎಂಬ ಸಾಧನದಿಂದ ದೂರದಲ್ಲಿ ನಿಂತ ಮನುಷ್ಯನ ಮೈಶಾಖವನ್ನೂ ಪತ್ತೆ ಹಚ್ಚಿದ್ದರು. ಈ ಕಿರಣಗಳಿಗೆ ಗಾಜು ಗೋಡೆಯಂತೆ ಅಡ್ಡವಾಗುತ್ತದೆ, ಆದರೆ ಕಲ್ಲುಪ್ಪಿನ ಹರಳು ದಾರಿ ಬಿಡುತ್ತದೆ ಎಂದು ತೋರಿಸಿದವರೂ ಅವರೇ. 1880ರ ಹೊತ್ತಿಗೆ ಅಮೆರಿಕದ ಖಗೋಳಜ್ಞ ಲ್ಯಾಂಗ್ಲಿ ಬೋಲೋಮೀಟರನ್ನು ರೂಪಿಸಿದರು. ಕಪ್ಪು ಬಳಿದ ತೆಳುವಾದ ಪ್ಲಾಟಿನಂ ಪಟ್ಟಿ ಬಿಸಿಯಾದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಶಾಖದ ಅಳತೆ. ಆ ಸಾಧನ ಕಾಲು ಮೈಲಿ ದೂರದ ಹಸುವನ್ನೂ ಗುರುತಿಸಬಲ್ಲದಾಗಿತ್ತು ಎಂಬ ಮಾತು ಪ್ರಸಿದ್ಧವಾಗಿದೆ. ಮಾತು ಎಷ್ಟು ನಿಜವೋ, ಇಂದಿನ ಥರ್ಮಲ್ ಕ್ಯಾಮೆರಾದೊಳಗೆ ಇರುವುದು ಅದೇ ತತ್ತ್ವ. ಒಂದು ಪಟ್ಟಿಯ ಬದಲು ಹತ್ತಾರು ಸಾವಿರ ಪಟ್ಟಿಗಳು, ಒಂದೊಂದೂ ಕೂದಲೆಳೆಗಿಂತ ಕಿರಿದು.

ಮುಂದಿನ ಅಧ್ಯಾಯ ಯುದ್ಧದ್ದು. ಇರುಳಿನಲ್ಲಿ ಕಾಣುವ ಸಾಧನಗಳು ಮೂರು ಕವಲುಗಳಾಗಿ ಬೆಳೆದವು. ಅಂಗಡಿಯಲ್ಲಿ ಇಂದು ಆಗುವ ಗೊಂದಲಕ್ಕೆ ಮೂಲವೂ ಇದೇ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನರ ‘ವಾಂಪೀರ್’ ಎಂಬ ಬಂದೂಕಿನ ದೂರದರ್ಶಕವೂ, 1945ರಲ್ಲಿ ಒಕಿನಾವಾದಲ್ಲಿ ಅಮೆರಿಕನ್ನರು ಬಳಸಿದ ಅದೇ ಬಗೆಯ ಸಾಧನವೂ ಅವಕೆಂಪು ದೀಪವನ್ನು ಹೊತ್ತು ತಿರುಗುತ್ತಿದ್ದವು. ಕಣ್ಣಿಗೆ ಕಾಣದ ಆ ದೀಪ ಬೆಳಗಿದಷ್ಟು ದೂರ ಮಾತ್ರ ನೋಟ. ಶತ್ರುವಿನ ಬಳಿಯೂ ಅಂಥ ಸಾಧನವಿದ್ದರೆ ದೀಪವೇ ಗುರಿ. ಎರಡನೆಯ ಕವಲು, ವಿಯೆಟ್ನಾಂ ಯುದ್ಧದಲ್ಲಿ ಬಳಕೆಗೆ ಬಂದದ್ದು, ನಕ್ಷತ್ರಗಳ ಮಂದ ಬೆಳಕನ್ನೇ ಹಲವು ಸಾವಿರ ಪಟ್ಟು ಹಿಗ್ಗಿಸುವಂಥದು. ಅದಕ್ಕೆ ದೀಪ ಬೇಡ, ಆದರೆ ತೊಟ್ಟು ಬೆಳಕಾದರೂ ಬೇಕು. ಮೂರನೆಯದು ಥರ್ಮಲ್. ನಮ್ಮ ದೇಹದಂಥ ಬೆಚ್ಚಗಿನ ವಸ್ತು ಹೊಮ್ಮಿಸುವ ಕಿರಣದ ತರಂಗಾಂತರ ಸುಮಾರು 9 ಅಥವಾ 10 ಮೈಕ್ರಾನ್. ಕಣ್ಣಿಗೆ ಕಾಣುವ ಬೆಳಕಿನದು ಅರ್ಧ ಮೈಕ್ರಾನಿನ ಆಸುಪಾಸು. ಇಲ್ಲಿ ನೋಡಲ್ಪಡುವ ವಸ್ತುವೇ ದೀಪ.

ಮನೆಯ ಮೂಲೆಯಲ್ಲಿ ಸಣ್ಣ ಎಲ್‌ಇಡಿಗಳನ್ನು ಸುತ್ತ ಇಟ್ಟುಕೊಂಡು ರಾತ್ರಿ ಕಪ್ಪುಬಿಳುಪು ಚಿತ್ರ ಕೊಡುವ ಸಾಮಾನ್ಯ ಸಿಸಿಟಿವಿ ಮೊದಲನೆಯ ಕವಲಿನ ಕುಡಿ. ಅದನ್ನೂ ಥರ್ಮಲ್ ಕ್ಯಾಮೆರಾವನ್ನೂ ‘ನೈಟ್ ವಿಷನ್’ ಎಂಬ ಒಂದೇ ಹೆಸರಿನಲ್ಲಿ ಮಾರುವುದುಂಟು. ಹೆಸರು ಒಂದಾದರೂ ಅವು ಕಾಣುವ ಲೋಕ ಬೇರೆ.

ಇದೇ ಕಾಲದಲ್ಲಿ ಯಂತ್ರಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ಕೇಳಿದವರು ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಜಾನ್ ಜಾನ್ಸನ್. ‘ಕಂಡಿತು’ ಎಂದರೆ ಏನರ್ಥ? 1958ರಲ್ಲಿ ಅವರು ಕಾಣುವುದನ್ನು ಮೆಟ್ಟಿಲುಗಳಾಗಿ ವಿಂಗಡಿಸಿದರು. ಅಲ್ಲಿ ಏನೋ ಇದೆ ಎಂದು ತಿಳಿಯುವುದು ಒಂದು; ಅದು ಮನುಷ್ಯನೋ ವಾಹನವೋ ಎಂದು ಬಗೆ ತಿಳಿಯುವುದು ಇನ್ನೊಂದು; ಯಾವ ಮಾದರಿಯ ವಾಹನ ಎಂದು ಗುರುತು ಹಿಡಿಯುವುದು ಮತ್ತೂ ಮೇಲಿನದು. ನೋಡುಗರನ್ನು ಕೂರಿಸಿ ಪರೀಕ್ಷಿಸಿ ಅವರು ಕೊಟ್ಟ ಲೆಕ್ಕವನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ವಸ್ತುವಿನ ಕಿರಿದಾದ ಅಗಲದ ಮೇಲೆ 2 ಪಿಕ್ಸೆಲ್ ಬಿದ್ದರೆ ಇರವು, 8 ಬಿದ್ದರೆ ಬಗೆ, ಸುಮಾರು 13 ಬಿದ್ದರೆ ಗುರುತು. ಅದೂ ನೂರಕ್ಕೆ ಐವತ್ತು ಸಲ ಸರಿಯಾಗುವಷ್ಟು ಮಾತ್ರ.

ಈ ಲೆಕ್ಕವನ್ನು ನಮ್ಮ ತೋಟಕ್ಕೆ ತರೋಣ. 12 ಮೈಕ್ರಾನ್ ಪಿಕ್ಸೆಲ್, 19 ಮಿಲಿಮೀಟರ್ ಲೆನ್ಸ್ ಇರುವ ಕ್ಯಾಮೆರಾದಲ್ಲಿ 100 ಮೀಟರ್ ದೂರದ ಒಂದು ಪಿಕ್ಸೆಲ್ ಸುಮಾರು 6.3 ಸೆಂಟಿಮೀಟರನ್ನು ಆವರಿಸುತ್ತದೆ. ನಿಂತ ಮನುಷ್ಯನ ಅಗಲ ಅರ್ಧ ಮೀಟರ್ ಎಂದುಕೊಂಡರೆ, 400 ಮೀಟರಿನಲ್ಲಿ ಏನೋ ಇದೆ ಎಂದು ತಿಳಿದೀತು. 100 ಮೀಟರಿನಲ್ಲಿ ಅದು ಮನುಷ್ಯ ಎಂದು ತಿಳಿದೀತು. ಮೂರನೆಯ ಮೆಟ್ಟಿಲಿಗೆ 60 ಮೀಟರಿನೊಳಗೆ ಬರಬೇಕು. ಆ ಮೂರನೆಯ ಮೆಟ್ಟಿಲೂ ಸೈನಿಕನ ಗುರುತೇ ಹೊರತು ನೆರೆಹೊರೆಯ ಗುರುತಲ್ಲ. ಮುಖದ ಪರಿಚಯ ಅದರಲ್ಲಿ ಇಲ್ಲ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗುವ ದೂರ ಸಾಮಾನ್ಯವಾಗಿ ಮೊದಲ ಮೆಟ್ಟಿಲಿನದು ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಯುದ್ಧದ ಯಂತ್ರ ಮನೆಗೆ ಬಂದದ್ದು ನಿಧಾನವಾಗಿ. 1959ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ರೂಪುಗೊಂಡ ಪಾದರಸ–ಕ್ಯಾಡ್ಮಿಯಂ–ಟೆಲ್ಯೂರೈಡ್ ಎಂಬ ವಸ್ತು ಅತಿ ಸೂಕ್ಷ್ಮಗ್ರಾಹಿ. ಆದರೆ ಅದನ್ನು ದ್ರವ ಸಾರಜನಕದ ಮಟ್ಟಕ್ಕೆ, ಅಂದರೆ ಸೊನ್ನೆಗಿಂತ ಸುಮಾರು 196 ಡಿಗ್ರಿ ಕೆಳಕ್ಕೆ ತಣಿಸಬೇಕಾಗುತ್ತಿತ್ತು. 1965ರ ಹೊತ್ತಿಗೆ ಸ್ವೀಡನ್ನಿನ ಆಗಾ ಕಂಪನಿ ವಿದ್ಯುತ್ ಮಾರ್ಗಗಳ ತಪಾಸಣೆಗೆಂದು ಥರ್ಮಲ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ತಣಿಸುವ ಹಂಗನ್ನು ಕಳಚಿದ್ದು 1980ರ ದಶಕದಲ್ಲಿ ಹನಿವೆಲ್ ಕಂಪನಿ ಅಮೆರಿಕದ ಸೇನೆಗಾಗಿ ಬೆಳೆಸಿದ ಮೈಕ್ರೋಬೋಲೋಮೀಟರ್. 1992ರಲ್ಲಿ ಗೋಪ್ಯತೆಯ ಮುಸುಕು ತೆಗೆದ ಮೇಲೆ ಅದು ಅಗ್ನಿಶಾಮಕರ ಕೈಗೆ, ಕಟ್ಟಡ ತಪಾಸಣೆಯವರ ಕೈಗೆ, ಕೊನೆಗೆ ನಮ್ಮ ಕೈಗೆ ಬಂತು.

ಆಯ್ಕೆಯ ವಿಷಯದಲ್ಲಿ ಈ ಚರಿತ್ರೆ ಹೇಳುವ ಮಾತುಗಳು ಸರಳ. ಮೆಲೋನಿ ಕಂಡ ಗಾಜಿನ ಗುಣ ಇಂದಿಗೂ ಬದಲಾಗಿಲ್ಲ. ಥರ್ಮಲ್ ಕ್ಯಾಮೆರಾದ ಲೆನ್ಸಿಗೆ ಜರ್ಮೇನಿಯಂನಂಥ ದುಬಾರಿ ವಸ್ತು ಬೇಕಾಗುವುದೂ, ಕಿಟಕಿಯ ಗಾಜಿನ ಹಿಂದೆ ಅದನ್ನು ಇಟ್ಟರೆ ಹೊರಗಿನದು ಕಾಣದಿರುವುದೂ ಅದರಿಂದಲೇ. ಗೋಡೆಯಾಚೆ ಅದು ನೋಡಲಾರದು, ಗೋಡೆಯ ಮೈಶಾಖವನ್ನು ಮಾತ್ರ ಕಾಣಬಲ್ಲದು. ಜಡಿಮಳೆ, ದಟ್ಟ ಮಂಜಿನಲ್ಲಿ ನೋಟ ಕುಗ್ಗುತ್ತದೆ. ಹಗಲೆಲ್ಲ ಕಾದ ಜಂಬಿಟ್ಟಿಗೆಯ ಗೋಡೆ, ಬಂಡೆಗಳು ಬೇಸಗೆಯ ಸಂಜೆಯಲ್ಲಿ ಮನುಷ್ಯನ ಮೈಯಷ್ಟೇ ಬೆಚ್ಚಗಿದ್ದು ಅವನನ್ನು ಮರೆಸಿಬಿಡುತ್ತವೆ. ಶಾಖದ ಸಣ್ಣ ಅಂತರವನ್ನು ಹಿಡಿಯುವ ಶಕ್ತಿಯನ್ನು ಮಿಲಿಕೆಲ್ವಿನ್‌ಗಳಲ್ಲಿ ನಮೂದಿಸಿರುತ್ತಾರೆ. ಆ ಸಂಖ್ಯೆ ಚಿಕ್ಕದಾದಷ್ಟೂ ನಮ್ಮಂಥ ಬೆಚ್ಚಗಿನ ನಾಡಿಗೆ ಒಳ್ಳೆಯದು. ಸೆಕೆಂಡಿಗೆ 9 ಚಿತ್ರ ಮಾತ್ರ ಕೊಡುವ ಸಾಧನಗಳು ಅಮೆರಿಕದ ರಫ್ತು ನಿರ್ಬಂಧದ ಕಾರಣದಿಂದ ಹೆಚ್ಚಾದವು. ಬೇಲಿಯನ್ನು ಕಾಯಲು ಅಷ್ಟು ಸಾಕು, ಓಡುವ ಪ್ರಾಣಿಯನ್ನು ಗಮನಿಸಲು ಸಾಲದು. ಅಂಗಳದ ಹತ್ತಿಪ್ಪತ್ತು ಮೀಟರಿನೊಳಗೆ ಯಾರು ಬಂದರೆಂದು ತಿಳಿಯಬೇಕಾದರೆ ಥರ್ಮಲ್ ಬೇಡವೇ ಬೇಡ. ಒಂದು ದೀಪ, ಒಂದು ಸಾಮಾನ್ಯ ಕ್ಯಾಮೆರಾ ಮೇಲು. ದೊಡ್ಡ ತೋಟದ ಅಂಚಿಗೆ ಆನೆಯೋ ಹಂದಿಯೋ ಬಂದ ಸುಳಿವು ಬೇಕಾದರೆ ಥರ್ಮಲ್ ಸರಿಯಾದ ಆಯ್ಕೆ. ಎರಡೂ ಬೇಕಾದವರು ಎರಡನ್ನೂ ಜೋಡಿಸಿಕೊಳ್ಳಬೇಕು.

ಇಷ್ಟಕ್ಕೇ ಮಾತು ಮುಗಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಬರುವುದು ಎಷ್ಟೋ ಸಲ ನಡುರಾತ್ರಿಯಲ್ಲಿ. ಆ ಹೊತ್ತಿನಲ್ಲಿ ನೀರು ಕಟ್ಟಲು ಬಂದ ಆಳೂ, ಅಡಕೆ ಕದಿಯಲು ಬಂದವನೂ ಶಾಖದ ತೆರೆಯ ಮೇಲೆ ಒಂದೇ ಬಿಳಿಯ ಆಕೃತಿ. ಅಟ್ಟಣೆಯ ಮೇಲಿದ್ದವನು ‘ಯಾರದು?’ ಎಂದು ಕೇಳಬಹುದಿತ್ತು. ಸಾವಿರ ಕಿಲೋಮೀಟರ್ ದೂರದಲ್ಲಿ ಕುಳಿತ ನಾವು ಕೇಳುವುದಿಲ್ಲ. ಗಾಬರಿಯಿಂದ ಊರಿನ ನಾಲ್ಕು ಜನಕ್ಕೆ ಫೋನು ಮಾಡುತ್ತೇವೆ. ಕೋಲು ಹಿಡಿದು ಓಡಿದವರು ಕತ್ತಲೆಯಲ್ಲಿ ಯಾರ ಮೇಲೆ ಕೈಮಾಡಿಯಾರು ಎಂಬುದಕ್ಕೆ ಯಂತ್ರ ಜವಾಬ್ದಾರಿಯಲ್ಲ, ನಾವು ಜವಾಬ್ದಾರರು.

ಇನ್ನೊಂದು ಗಡಿ ನೆರೆಯವರ ಗೋಡೆ. 1992ರ ಜನವರಿಯ ಒಂದು ಬೆಳಗಿನ ಜಾವ, ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಅಧಿಕಾರಿಗಳು ರಸ್ತೆಯಲ್ಲಿ ನಿಲ್ಲಿಸಿದ ವಾಹನದಿಂದಲೇ ಒಂದು ಮನೆಯತ್ತ ಥರ್ಮಲ್ ಕ್ಯಾಮೆರಾ ಹಿಡಿದರು. ಗ್ಯಾರೇಜಿನ ಮಾಡೂ ಒಂದು ಗೋಡೆಯೂ ಅಸಹಜವಾಗಿ ಬಿಸಿಯಾಗಿದ್ದವು. ಒಳಗೆ ಪ್ರಖರ ದೀಪಗಳಡಿಯಲ್ಲಿ ಗಾಂಜಾ ಬೆಳೆಯುತ್ತಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರ ಜೂನ್‌ನಲ್ಲಿ ಕೈಲೋ ಪ್ರಕರಣವೆಂದೇ ಹೆಸರಾದ ಅದರಲ್ಲಿ ಐವರು ನ್ಯಾಯಮೂರ್ತಿಗಳು, ನಾಲ್ವರ ಭಿನ್ನಮತದ ನಡುವೆ, ವಾರಂಟ್ ಇಲ್ಲದ ಅಂಥ ನೋಟ ಅಕ್ರಮ ಶೋಧವೆಂದು ತೀರ್ಮಾನಿಸಿದರು. ಭಿನ್ನಮತದವರ ವಾದ, ಕ್ಯಾಮೆರಾ ಕಂಡದ್ದು ಗೋಡೆಯ ಹೊರಗೆ ಸೂಸಿದ ಶಾಖವನ್ನಷ್ಟೇ ಎಂದು. ಬಹುಮತದ ಉತ್ತರ, ಮನೆಯೊಳಗಿನ ಬದುಕಿನಲ್ಲಿ ಖಾಸಗಿಯಲ್ಲದ ವಿವರವೇ ಇಲ್ಲ ಎಂದು. ಮನೆಯಾಕೆ ಸ್ನಾನಕ್ಕೆ ಹೋಗುವ ಹೊತ್ತೂ ಶಾಖದಿಂದ ತಿಳಿದುಬಿಟ್ಟೀತು ಎಂಬುದನ್ನು ಅವರು ಗಮನಿಸಿದರು. ಆದರೆ ತೀರ್ಪಿಗೆ ಒಂದು ಷರತ್ತು ಅಂಟಿಕೊಂಡಿತ್ತು: ಆ ಸಾಧನ ಸಾರ್ವಜನಿಕರ ಸಾಮಾನ್ಯ ಬಳಕೆಯಲ್ಲಿಲ್ಲ ಎಂಬುದು. ಫೋನಿಗೆ ಸಿಕ್ಕಿಸಬಲ್ಲ ಥರ್ಮಲ್ ಕ್ಯಾಮೆರಾಗಳ ಈ ದಿನಗಳಲ್ಲಿ ಆ ಷರತ್ತು ಎಷ್ಟು ದಿನ ಕಾಪಾಡೀತು?

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಇವೆರಡೂ ಮುಖ್ಯವಾಗಿ ಪ್ರಜೆ ಮತ್ತು ಪ್ರಭುತ್ವದ ನಡುವಣ ಮಾತುಗಳು. ನೆರೆಯವರ ನಡುವೆ ಕಾನೂನಿಗೂ ಮೊದಲು ನೆರೆತನ ಇರಬೇಕು. ಕ್ಯಾಮೆರಾದ ಮುಖ ನಮ್ಮ ಬೇಲಿಯೊಳಗೆ ತಿರುಗಿರಲಿ, ಅದು ಇದೆ ಎಂದು ತೋಟದಲ್ಲಿ ದುಡಿಯುವವರಿಗೆ ತಿಳಿದಿರಲಿ.

ಹರ್ಷಲರ ಥರ್ಮಾಮೀಟರು ಕೆಂಪಿನಾಚೆ ಏನೋ ಇದೆ ಎಂದಷ್ಟೇ ಹೇಳಿತ್ತು. ಇನ್ನೂರು ವರ್ಷಗಳ ನಂತರ ಅದರ ಮರಿಮಕ್ಕಳಾದ ಈ ಯಂತ್ರಗಳೂ ಮುಖ್ಯವಾಗಿ ಹೇಳುವುದು ಅದನ್ನೇ: ಅಲ್ಲಿ ಏನೋ ಇದೆ. ಉಳಿದದ್ದನ್ನು ತಿಳಿಯಲು ಹತ್ತಿರ ಹೋಗಿ ಬಾಯಿಬಿಟ್ಟು ಕೇಳುವ ಒಬ್ಬ ಮನುಷ್ಯ ಬೇಕು. ಕ್ಯಾಮೆರಾ ಕೊಳ್ಳುವ ಮೊದಲು ಊರಿನಲ್ಲಿ ಅಂಥ ಒಬ್ಬರು ನಮಗೆ ಉಳಿದಿದ್ದಾರೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.