ಶಿಕ್ಷಣ ಹಕ್ಕು ಕಾಯ್ದೆ ತಿದ್ದುಪಡಿ: ಗಡಿ ಮಕ್ಕಳಿಗೆ ಏನು ಬದಲಾಯಿತು?

ಹೊಳಗುಂದ: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ನೀಡುವ 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು 8ನೇ ತರಗತಿವರೆಗೆ ಯಾರನ್ನೂ ನಪಾಸು ಮಾಡುವಂತಿರಲಿಲ್ಲ. 2019ರ ತಿದ್ದುಪಡಿಯ ಪ್ರಕಾರ 5 ಮತ್ತು 8ನೇ ತರಗತಿಯಲ್ಲಿ ವಾರ್ಷಿಕ ಪರೀಕ್ಷೆ ಉಂಟು. ತಪ್ಪಿದವರಿಗೆ ಹೆಚ್ಚುವರಿ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕು. ಅದರಲ್ಲೂ ತಪ್ಪಿದರೆ ಅದೇ ತರಗತಿಯಲ್ಲಿ ಉಳಿಸಬೇಕೋ ಬೇಡವೋ ಎಂಬುದು ಆಯಾ ಸರ್ಕಾರದ ನಿರ್ಧಾರ. ಕೇಂದ್ರವು 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ತನ್ನ ಕೇಂದ್ರೀಯ ವಿದ್ಯಾಲಯ, ನವೋದಯ ಶಾಲೆಗಳಲ್ಲಿ ಉಳಿಸುವುದೆಂದು ತೀರ್ಮಾನಿಸಿತು. ಎಮ್ಮಿಗನೂರು ಬಳಿಯ ಬನವಾಸಿ ನವೋದಯಕ್ಕೆ ಮಕ್ಕಳನ್ನು ಸೇರಿಸಿದ ಪಾಲಕರು ಇದನ್ನು ಗಮನಿಸಬೇಕು. ನಪಾಸಾದರೂ 8ನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ಇನ್ನು ಕನ್ನಡದ ಮಾತು. 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಹಳಷ್ಟು ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂಬ ಮಗುವಿಗೆ ಪಾಠಕ್ಕಿಂತ ಪರೀಕ್ಷೆಯ ಭಾಷೆಯೇ ಕಷ್ಟವಾಗಬಹುದು. ಕಾಯ್ದೆಯ 29ನೇ ಕಲಂ ಬೋಧನೆ ಸಾಧ್ಯವಾದಷ್ಟು ಮಾತೃಭಾಷೆಯಲ್ಲಿರಬೇಕು ಎನ್ನುತ್ತದೆ. ಸಾಧ್ಯವಾದಷ್ಟು ಎಂಬ ಆ ಒಂದು ಪದದಲ್ಲೇ ನುಣುಚಿಕೊಳ್ಳಲು ದಾರಿಯಿದೆ. ಆದರೂ ಕಲಂ ನಿರುಪಯೋಗಿಯಲ್ಲ: ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಕಡ್ಡಾಯಗೊಳಿಸಿದ್ದ ಆಂಧ್ರ ಸರ್ಕಾರದ 2019ರ ಆದೇಶವನ್ನು ಹೈಕೋರ್ಟ್ 2020ರ ಏಪ್ರಿಲ್ 15ರಂದು ರದ್ದುಪಡಿಸಿದಾಗ ಇದೇ ಕಲಂ ಅನ್ನೂ ಆಧರಿಸಿತ್ತು.