ಕಂಪ್ಯೂಟರು ಬರಲು ಕಾರ್ಮಿಕರ ಸಹಿ ಬೇಕಿದ್ದ ಕಾಲದಿಂದ ಈಚೆಗೆ

ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1986ರ ಜುಲೈನಲ್ಲಿ 128 ಪೋರ್ಟುಗಳ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜೊಂದು ಕೆಲಸ ಶುರುಮಾಡಿತು. ಅದನ್ನು ರೂಪಿಸಿದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆಗೆ ಆಗಿನ್ನೂ ಎರಡು ವರ್ಷ. ಯಂತ್ರಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ. ಹಳ್ಳಿಯ ಧೂಳು, ಸೆಕೆಯಲ್ಲೇ ಓಡುತ್ತಿತ್ತು. ಬೆಂಗಳೂರು ಐಟಿ ನಗರವಾದ ಕಥೆ ಹೇಳುವವರು ಇಲ್ಲಿಂದ ಆರಂಭಿಸುವುದು ಅಪರೂಪ. ಆರಂಭಿಸಿದರೆ ಒಂದು ಮಾತು ಒಪ್ಪಲೇಬೇಕಾಗುತ್ತದೆ: ಮಾಹಿತಿ ತಂತ್ರಜ್ಞಾನ ಸಾರ್ವಜನಿಕ ವಲಯದ ಮೇಲೆ ಹೊರಗಿನಿಂದ ಬಂದೆರಗಿದ್ದಲ್ಲ. ಅದರ ಒಂದು ದೊಡ್ಡ ಪಾಲನ್ನು ಆ ವಲಯದವರೇ ಕಟ್ಟಿದರು. ಎಲೆಕ್ಟ್ರಾನಿಕ್ಸ್ ಸಿಟಿಯ ಜಮೀನನ್ನು ಹದಮಾಡಿ ಬಡಾವಣೆ ಮಾಡಿದ್ದೂ ಕಿಯೋನಿಕ್ಸ್ ಎಂಬ ರಾಜ್ಯ ಸರ್ಕಾರಿ ಉದ್ದಿಮೆಯೇ.

ಕಿತ್ತೂರಿನಲ್ಲಿ ಆ ಎಕ್ಸ್‌ಚೇಂಜು ಚಾಲೂ ಆಗುವ ಹೊತ್ತಿಗೆ ಬೆಂಗಳೂರಿನ ದೂರವಾಣಿನಗರದಲ್ಲಿ ಇನ್ನೊಂದು ಬಗೆಯ ದುಡಿಮೆಯ ಕಾಲ ಮುಗಿಯುತ್ತ ಬಂದಿತ್ತು. 1948ರಲ್ಲಿ ಅಲ್ಲಿ ಸ್ಥಾಪನೆಯಾದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಅದು ದಶಕಗಳ ಕಾಲ ತಯಾರಿಸಿದ್ದು ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು. ಅದರೊಳಗೆ ಸಾವಿರಾರು ಚಲಿಸುವ ಬಿಡಿಭಾಗಗಳು. ಒಂದೊಂದನ್ನೂ ಜೋಡಿಸಬೇಕು, ತಂತಿ ಕಟ್ಟಬೇಕು, ಕೂದಲೆಳೆಯಷ್ಟು ಅಂತರ ಸರಿಪಡಿಸಬೇಕು. ಈ ಕೆಲಸಕ್ಕೆ ಸಾವಿರಾರು ಕೈ ಬೇಕಿತ್ತು. ಆ ಕೈಗಳಲ್ಲಿ ಹೆಂಗಸರದೂ ಬಹಳ ಇದ್ದವು. 1980ರ ದಶಕದಲ್ಲಿ ಎಲ್ಲ ಘಟಕಗಳೂ ಸೇರಿ ಮೂವತ್ತು ಸಾವಿರದ ಆಸುಪಾಸು ನೌಕರರಿದ್ದರು.

ಡಿಜಿಟಲ್ ಎಕ್ಸ್‌ಚೇಂಜು ಈ ಲೆಕ್ಕವನ್ನೇ ಬುಡಮೇಲು ಮಾಡಿತು. ಚಲಿಸುವ ಭಾಗಗಳ ಜಾಗಕ್ಕೆ ಚಿಪ್ಪು ಮತ್ತು ಸಾಫ್ಟ್‌ವೇರ್ ಬಂದವು. ಚಿಪ್ಪು ಆಮದು, ಸಾಫ್ಟ್‌ವೇರ್ ಬರೆಯುವವರು ಕಾರ್ಖಾನೆಯಲ್ಲಿಲ್ಲ. ನಡುವೆ ಉಳಿದ ಜೋಡಣೆಗೆ ಹಿಂದಿನ ಕೈಗಳಲ್ಲಿ ಸಣ್ಣದೊಂದು ಪಾಲು ಸಾಕಾಯಿತು. ಫ್ರಾನ್ಸಿನ ಅಲ್ಕಾಟೆಲ್ ತಂತ್ರಜ್ಞಾನದ ಹೊಸ ಕಾರ್ಖಾನೆ ಬಂದದ್ದು ಉತ್ತರ ಪ್ರದೇಶದ ಮಂಕಾಪುರಕ್ಕೆ. ಆದರೂ ಐಟಿಐ ಕುಸಿತದ ಹೊಣೆಯನ್ನೆಲ್ಲ ಚಿಪ್ಪಿನ ತಲೆಗೆ ಕಟ್ಟುವುದು ನ್ಯಾಯವಲ್ಲ. 1991ರ ನಂತರ ಸ್ವಿಚ್ಚಿಂಗ್ ಉಪಕರಣ ತಯಾರಿಕೆ ಖಾಸಗಿಯವರಿಗೆ, ಬಹುರಾಷ್ಟ್ರೀಯ ಕಂಪನಿಗಳಿಗೆ ತೆರೆದುಕೊಂಡಿತು. ದೂರಸಂಪರ್ಕ ಇಲಾಖೆ ಟೆಂಡರ್ ಕರೆದು ಕೊಳ್ಳತೊಡಗಿತು. ಸರ್ಕಾರದ ಖಚಿತ ಆರ್ಡರನ್ನೇ ನಂಬಿ ಬೆಳೆದ ಕಾರ್ಖಾನೆಗೆ ತಂತ್ರಜ್ಞಾನದ ತಿರುವು, ಮಾರುಕಟ್ಟೆಯ ತಿರುವು ಎರಡೂ ಒಟ್ಟಿಗೇ ಬಂದವು. ಒಂದೊಂದೇ ಬಂದಿದ್ದರೆ ತಡೆದುಕೊಳ್ಳುತ್ತಿತ್ತೇನೋ.

ಇಲ್ಲಿ ಕಾರ್ಮಿಕ ಸಂಘಟನೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. 1980ರ ಡಿಸೆಂಬರಿನಲ್ಲಿ ಶುರುವಾದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 77 ದಿನ ನಡೆಯಿತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಲ್ಲ ಸ್ತಬ್ಧ. ಬೇಡಿಕೆಯ ತಲೆಯಲ್ಲಿದ್ದದ್ದು ಬಿಎಚ್‌ಇಎಲ್‌ಗೆ ಸಮನಾದ ವೇತನ. ಅದು ನ್ಯಾಯವಾದ ಬೇಡಿಕೆಯೇ. ಆದರೆ ನಾಳೆ ಯಾವ ಯಂತ್ರ ಬರಲಿದೆ, ಅದರ ತಂತ್ರಜ್ಞಾನ ಯಾರ ಕೈಯಲ್ಲಿರುತ್ತದೆ ಎಂಬುದು ಆಡಳಿತದ ತಲೆನೋವು ಎಂದು ಎರಡೂ ಕಡೆಯವರು ಒಪ್ಪಿಕೊಂಡಂತಿತ್ತು.

ಆ ಪ್ರಶ್ನೆ ಎತ್ತಿದವರು ಕಚೇರಿಯ ಗುಮಾಸ್ತರು. 1960ರ ದಶಕದಲ್ಲೇ ಕಲ್ಕತ್ತದ ಜೀವ ವಿಮಾ ನೌಕರರು ಎಲ್‌ಐಸಿಯ ಕಂಪ್ಯೂಟರಿಗೆ ಅಡ್ಡ ನಿಂತರು. ಅದು ಕಟ್ಟಡದೊಳಗೆ ಬರದಂತೆ ಇಲಾಕೊ ಹೌಸ್ ಎದುರು ಕಾವಲು ಕೂತರು. ಇವತ್ತು ಇದನ್ನು ಕೇಳಿ ನಗುವವರಿದ್ದಾರೆ. ನಗುವ ಮುನ್ನ ಅಂದಿನ ನಿರುದ್ಯೋಗವನ್ನು ನೆನೆಯುವುದು ಒಳ್ಳೆಯದು. ಸರ್ಕಾರವೂ ಈ ಆತಂಕವನ್ನು ತಳ್ಳಿಹಾಕದೆ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ನೇತೃತ್ವದಲ್ಲಿ ಯಾಂತ್ರೀಕರಣದ ಬಗ್ಗೆ ಸಮಿತಿ ಮಾಡಿತು. ಅದರ ವರದಿ ಬಂದದ್ದು 1972ರಲ್ಲಿ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1974ರಲ್ಲಿ, ಅಮೆರಿಕದ ಹ್ಯಾರಿ ಬ್ರೇವರ್‌ಮನ್ ಬಂಡವಾಳಶಾಹಿಯಲ್ಲಿ ದುಡಿಮೆಗೆ ಏನಾಗುತ್ತಿದೆ ಎಂಬುದರ ಮೇಲೆ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ. ಆತ ಹಿಂದೆ ತಾಮ್ರದ ಕೆಲಸಗಾರ. ಯೋಚಿಸುವ ಕೆಲಸವನ್ನು ಮಾಡುವ ಕೆಲಸದಿಂದ ಬೇರ್ಪಡಿಸಿ, ಯೋಚನೆಯನ್ನು ಮೇಲಿನವರ ಕೈಗೆ ಕೊಡುವುದೇ ಆಡಳಿತದ ಗುರಿ, ಯಂತ್ರ ಅದರ ಸಾಧನ ಎಂಬುದು ಅವನ ವಾದ. 1988ರಲ್ಲಿ ಅಮೆರಿಕದ ಸಂಶೋಧಕಿ ಶೊಶಾನಾ ಝುಬಾಫ್ ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸಿದರು: ಕಂಪ್ಯೂಟರು ಕೆಲಸ ಮಾಡುವುದರ ಜೊತೆಗೆ ಕೆಲಸದ ಬಗ್ಗೆ ಮಾಹಿತಿಯನ್ನೂ ಹುಟ್ಟಿಸುತ್ತದೆ, ಆ ಮಾಹಿತಿ ಯಾರಿಗೆ ಸೇರಬೇಕೆಂಬುದೇ ಮುಂದಿನ ಜಗಳ. ನಮ್ಮ ಬ್ಯಾಂಕುಗಳಲ್ಲಿ ನಡೆದದ್ದನ್ನು ನೋಡಿದರೆ ಇಬ್ಬರೂ ಸರಿ. ಮೊದಲು ಬ್ರೇವರ್‌ಮನ್, ಆಮೇಲೆ ಝುಬಾಫ್.

ಹಳೆಯ ಶಾಖೆಯೊಂದನ್ನು ನೆನೆಯಿರಿ. ದಪ್ಪ ಲೆಡ್ಜರುಗಳು, ಕೌಂಟರಿನಲ್ಲಿ ಹಿತ್ತಾಳೆ ಟೋಕನ್, ಜೂನ್-ಡಿಸೆಂಬರಿನಲ್ಲಿ ರಾತ್ರಿಯವರೆಗೂ ಬಡ್ಡಿ ಲೆಕ್ಕ, ಹತ್ತು ಪೈಸೆ ತಾಳೆಯಾಗದಿದ್ದರೆ ಮರುದಿನವೂ ಬ್ಯಾಲೆನ್ಸಿಂಗ್. ಯಾರ ಸಹಿ ಹೇಗಿದೆ, ಯಾರ ಕೈಗೆ ಯಾವಾಗ ಅಡಿಕೆ ದುಡ್ಡು ಬರುತ್ತದೆ ಎಂಬುದು ಗುಮಾಸ್ತರ ತಲೆಯಲ್ಲಿರುತ್ತಿತ್ತು. ಈ ಜಗತ್ತಿಗೆ ಕಂಪ್ಯೂಟರು ಬರಲು 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳ ನಡುವೆ ಒಪ್ಪಂದ ಆಗಬೇಕಾಯಿತು. ಎಲ್ಲಿ, ಯಾವ ಯಂತ್ರ, ಎಷ್ಟು, ನಡೆಸುವವರಿಗೆ ಭತ್ಯೆ ಏನು ಎಂಬುದೆಲ್ಲ ಮಾತುಕತೆಯಲ್ಲಿ ತೀರ್ಮಾನ. 1987ರಲ್ಲಿ, 1993ರಲ್ಲಿ ಮತ್ತೆ ಒಪ್ಪಂದಗಳಾದವು. ನಡುವೆ ರಿಸರ್ವ್ ಬ್ಯಾಂಕಿನ ಸಿ. ರಂಗರಾಜನ್ ನೇತೃತ್ವದ ಸಮಿತಿಗಳು 1984ರಲ್ಲೂ 1989ರಲ್ಲೂ ವರದಿ ಕೊಟ್ಟವು. ಯಂತ್ರ ಕಾಲಿಡುವ ಮುನ್ನ ನೌಕರರ ಸಹಿ ಬೇಕು ಎಂಬ ವ್ಯವಸ್ಥೆ ಈ ದೇಶದಲ್ಲಿ ಒಂದು ದಶಕಕ್ಕೂ ಮಿಕ್ಕಿ ನಡೆಯಿತು. ಪ್ರಗತಿಗೆ ಅಡ್ಡಗಾಲು ಎಂದು ಅದನ್ನು ಬೈಯುವುದು ಸುಲಭ. ನನ್ನ ಮಟ್ಟಿಗೆ ಅದು ಕಾರ್ಮಿಕ ಪ್ರಜಾಪ್ರಭುತ್ವದ ದೊಡ್ಡ ಪ್ರಯೋಗಗಳಲ್ಲೊಂದು.

ಸಹಿಯ ಕಾಲ ಮುಗಿದ ಬಗೆ ವಿಚಿತ್ರವಾಗಿದೆ. ಮುಷ್ಕರ ಮುರಿದು ಅದನ್ನು ಮುಗಿಸಲಿಲ್ಲ. 1998ರಲ್ಲಿ ಕೇಂದ್ರ ಜಾಗೃತ ಆಯುಕ್ತ ಎನ್. ವಿಠ್ಠಲ್ ಅವರು, 2001ರ ಜನವರಿಯೊಳಗೆ ಸಾರ್ವಜನಿಕ ಬ್ಯಾಂಕುಗಳ ವ್ಯವಹಾರದ ಶೇ 70ರಷ್ಟು ಕಂಪ್ಯೂಟರಿಗೆ ಹೋಗಬೇಕೆಂದು ಸೂಚನೆ ಹೊರಡಿಸಿದರು. ಕಾರಣ, ಭ್ರಷ್ಟಾಚಾರ ತಡೆ. ಭ್ರಷ್ಟಾಚಾರದ ವಿರುದ್ಧ ಯಾವ ಸಂಘ ತಾನೇ ಧರಣಿ ಕೂತೀತು? ಬ್ಯಾಂಕಿಂಗ್ ಸುಧಾರಣೆಗಳ ನರಸಿಂಹಂ ಸಮಿತಿಯ ನಂತರ ಬ್ಯಾಂಕನ್ನು ಅಳೆಯುವ ಕೋಲೂ ಬದಲಾಗಿತ್ತು. ಎಷ್ಟು ಹಳ್ಳಿ ತಲುಪಿದೆ ಎಂಬ ಪ್ರಶ್ನೆಯನ್ನು ಹಿಂದೆ ಸರಿಸಿ, ಒಬ್ಬ ನೌಕರನ ತಲೆಗೆ ಎಷ್ಟು ವ್ಯವಹಾರ ಎಂಬ ಲೆಕ್ಕ ಮುಂದೆ ಬಂದಿತ್ತು. ಮಾಲೀಕ ಸರ್ಕಾರವೇ ಆದರೂ ಅಳತೆ ಬಂಡವಾಳದ್ದಾದರೆ ನಡೆಯೂ ಅದರದ್ದೇ ಆಗುತ್ತದೆ. ಆ ಲೆಕ್ಕ ಚೆನ್ನಾಗಿ ಕಾಣಬೇಕೆಂದರೆ ತಲೆಗಳನ್ನು ಕಡಿಮೆ ಮಾಡುವುದು ಹತ್ತಿರದ ದಾರಿ. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೊರಟರು. ಅದೇ 2001ರಲ್ಲಿ ಬ್ಯಾಂಕ್ ನೇಮಕಾತಿ ಮಂಡಳಿಗಳನ್ನೂ ಮುಚ್ಚಿದರು. ಇದ್ದವರನ್ನು ತೆಗೆಯಬಾರದು ಎಂದು ಸಂಘಗಳು ಪಟ್ಟು ಹಿಡಿದವು, ಗೆದ್ದವು. ಬರಬೇಕಾದವರ ಪರವಾಗಿ ಸಹಿ ಹಾಕಲು ಮೇಜಿನಲ್ಲಿ ಯಾರೂ ಇರಲಿಲ್ಲ.

ಆಮೇಲೆ ಕೋರ್ ಬ್ಯಾಂಕಿಂಗ್ ಬಂತು. ಗ್ರಾಹಕ ಶಾಖೆಯವನಾಗಿದ್ದವನು ಬ್ಯಾಂಕಿನವನಾದ. ಶಾಖೆಯ ತಲೆಯಲ್ಲಿದ್ದದ್ದೆಲ್ಲ ದೂರದ ಸರ್ವರಿಗೆ ಹೋಯಿತು. ಯಾವ ಮೇಜಿನಲ್ಲಿ ಎಷ್ಟು ಹೊತ್ತು ಕೆಲಸ ನಡೆಯಿತು, ಯಾವ ಶಾಖೆ ಎಷ್ಟು ವಿಮೆ ಮಾರಿತು ಎಂಬುದು ಮೇಲಿನವರಿಗೆ ಅಂದಂದೇ ಕಾಣತೊಡಗಿತು. ಗುಮಾಸ್ತರ ಸಂಖ್ಯೆ ಇಳಿದು ಇವತ್ತು ಈ ಬ್ಯಾಂಕುಗಳಲ್ಲಿ ಅಧಿಕಾರಿಗಳೇ ಅವರಿಗಿಂತ ಹೆಚ್ಚು. ಬಹುಪಾಲು ಅಧಿಕಾರಿಗಳು ಮಾಡುವ ಕೆಲಸವೇನೋ ಹಿಂದೆ ಗುಮಾಸ್ತರು ಮಾಡುತ್ತಿದ್ದುದೇ. ಕೆಲಸದ ಅವಧಿಯ ಮಿತಿ ಮಾತ್ರ ಈಗಿಲ್ಲ.

ಸಾಫ್ಟ್‌ವೇರಿನ ಕೈ ಎಷ್ಟು ಉದ್ದ ಎಂಬುದು 2019ರ ಆಗಸ್ಟಿನಲ್ಲಿ ಕಂಡಿತು. ಕೇಂದ್ರ ಹಣಕಾಸು ಸಚಿವೆ ಬ್ಯಾಂಕುಗಳ ವಿಲೀನ ಘೋಷಿಸುವಾಗ ಯಾವುದು ಯಾವುದರ ಜೊತೆ ಎಂಬುದಕ್ಕೆ ಕೊಟ್ಟ ಸಮರ್ಥನೆಗಳಲ್ಲಿ ಅವು ಬಳಸುವ ಸಾಫ್ಟ್‌ವೇರ್ ಒಂದೇ ಎಂಬುದೂ ಇತ್ತು. ಕೆನರಾ ಮತ್ತು ಸಿಂಡಿಕೇಟ್ ಐ-ಫ್ಲೆಕ್ಸ್‌ನವು; ಯೂನಿಯನ್, ಆಂಧ್ರ, ಕಾರ್ಪೊರೇಷನ್ ಮೂರೂ ಇನ್ಫೋಸಿಸ್‌ನ ಫಿನಾಕಲ್‌ನವು. ಐ-ಫ್ಲೆಕ್ಸ್ ಕಂಪನಿಯನ್ನು ಅಮೆರಿಕದ ಒರಾಕಲ್ ಅಷ್ಟರಲ್ಲಿ ಕೊಂಡು ದಶಕ ದಾಟಿತ್ತು. ವಿಜಯ ಬ್ಯಾಂಕ್ ಅದೇ ವರ್ಷದ ಏಪ್ರಿಲ್‌ನಲ್ಲೇ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತ್ತು. 2020ರ ಏಪ್ರಿಲ್ 1ರ ಹೊತ್ತಿಗೆ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಎಂಬ ನಾಲ್ಕು ಸಾರ್ವಜನಿಕ ಬ್ಯಾಂಕುಗಳಲ್ಲಿ ಕೆನರಾ ಒಂದೇ ಉಳಿಯಿತು. ಜಾತಕ ಕೂಡಿಸುವಂತೆ ಸಾಫ್ಟ್‌ವೇರ್ ಕೂಡಿಸಿದ ಈ ಸಂಬಂಧದಲ್ಲಿ ಯಾರ ಜಿಲ್ಲೆಯ ಬ್ಯಾಂಕು, ಯಾರು ಕಟ್ಟಿದ್ದು ಎಂಬ ಪ್ರಶ್ನೆಗೆ ಜಾಗವಿರಲಿಲ್ಲ.

ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಪಿಗ್ಮಿಯ ಕಥೆ ಬೇರೆಯೇ ಪಾಠ ಹೇಳುತ್ತದೆ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಠೇವಣಿ ಸಂಗ್ರಹಿಸಿದ ಪಿಗ್ಮಿ ಏಜೆಂಟರು ಕಮಿಷನ್ ಮೇಲೆ ಬದುಕಿದವರು. ಅವರು ಕಾರ್ಮಿಕರು ಹೌದು, ಆದರೆ ಬ್ಯಾಂಕಿನ ಕಾಯಂ ನೌಕರರಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2006ರಲ್ಲಿ ರಿಸರ್ವ್ ಬ್ಯಾಂಕ್ ಬಿಸಿನೆಸ್ ಕರೆಸ್ಪಾಂಡೆಂಟ್ ಪದ್ಧತಿಗೆ ಅನುಮತಿ ಕೊಟ್ಟಾಗ ಈ ಅರೆಬರೆ ಸ್ಥಿತಿಯೇ ದೇಶಕ್ಕೆಲ್ಲ ಮಾದರಿಯಾಯಿತು. ಬೆರಳಚ್ಚಿನ ಯಂತ್ರ ಹಿಡಿದು ಪಿಂಚಣಿ, ಉದ್ಯೋಗ ಖಾತ್ರಿ ಕೂಲಿ ಹಂಚುವ ಬ್ಯಾಂಕ್ ಮಿತ್ರರು ಹಳ್ಳಿಯವರ ಕಣ್ಣಿಗೆ ಬ್ಯಾಂಕೇ. ಬ್ಯಾಂಕಿನ ನೌಕರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಎಷ್ಟೋ ಕಡೆ ನಡುವೆ ಒಂದು ಖಾಸಗಿ ಕಂಪನಿಯೂ ಇದೆ.

ಟೆಲಿಕಾಂನಲ್ಲಿ ಹೊಡೆತ ಇನ್ನೂ ನೇರ. ದೇಶದಲ್ಲಿ ಮೊಬೈಲ್ ಬಂದದ್ದು 1995ರಲ್ಲಿ. ಸರ್ಕಾರಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಶುರುವಾದದ್ದು 2002ರ ಅಕ್ಟೋಬರಿನಲ್ಲಿ. ಖಾಸಗಿಯವರ 4ಜಿ 2012ರಲ್ಲೇ ಬಂತು. ಬಿಎಸ್‌ಎನ್‌ಎಲ್‌ಗೆ 4ಜಿ ತರಂಗಾಂತರ ಕೊಡುವ ತೀರ್ಮಾನವಾದದ್ದು 2019ರ ಅಕ್ಟೋಬರಿನಲ್ಲಿ. ಅದೇ ಪುನಶ್ಚೇತನ ಪ್ಯಾಕೇಜಿನಲ್ಲಿ ಸ್ವಯಂ ನಿವೃತ್ತಿಯೂ ಇತ್ತು. 2020ರ ಜನವರಿ 31ರಂದು, ಒಂದೇ ದಿನ, 78,569 ನೌಕರರು ಹೊರನಡೆದರು. ಅದು ಆ ಸಂಸ್ಥೆಯ ಅರ್ಧದಷ್ಟು. ಕೆಲಸಗಾರರ ಸೋಮಾರಿತನದಿಂದ ಬಿಎಸ್‌ಎನ್‌ಎಲ್ ಮುಳುಗಿತೆಂದು ಹೇಳುವವರು ಈ ಇಸವಿಗಳನ್ನು ಒಮ್ಮೆ ಸಾಲಾಗಿ ಓದಲಿ. ಅದರ ಸ್ವದೇಶಿ 4ಜಿ ಜಾಲ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಅದನ್ನು ಕಟ್ಟಿದ ಟಿಸಿಎಸ್ ಮುಂದಾಳತ್ವದ ಕೂಟದಲ್ಲಿ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಇದೆ, ಸಿ-ಡಾಟ್ ಇದೆ. ಐಟಿಐಗೂ ಆರ್ಡರಿನ ಒಂದು ಪಾಲು ಸಿಕ್ಕಿದೆ. ಆದರೆ ಐಟಿಐನ ದೂರವಾಣಿನಗರದ ಗೇಟಿನ ಮುಂದೆ 2021ರ ಡಿಸೆಂಬರಿನಿಂದ ತಿಂಗಳುಗಟ್ಟಲೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಕೆಲಸ ಮತ್ತೆ ಬಂದರೂ ಅದು ಹಿಂದಿನ ಕಾಯಂ ರೂಪದಲ್ಲಿ ಬರುತ್ತಿಲ್ಲ.

ಯುಪಿಐ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಎರಡೇ ಮಾತು. ಅದನ್ನು ನಡೆಸುವ ಎನ್‌ಪಿಸಿಐ ಕಟ್ಟಿದ ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಇವೆ. ಜನಧನ ಖಾತೆಗಳ ಭಾರ ಹೊತ್ತದ್ದೂ ಬಹುಪಾಲು ಸಾರ್ವಜನಿಕ ಬ್ಯಾಂಕುಗಳೇ. ಆದರೆ ವಹಿವಾಟುಗಳಲ್ಲಿ ಐದರಲ್ಲಿ ನಾಲ್ಕು ಪಾಲು ನಡೆಯುವುದು ವಾಲ್‌ಮಾರ್ಟ್ ಒಡೆತನದ ಫೋನ್‌ಪೇ ಮತ್ತು ಗೂಗಲ್ ಪೇ ಮೂಲಕ. ಒಂದು ಆ್ಯಪ್‌ಗೆ ಶೇ 30ರ ಮಿತಿ ಹಾಕುವುದಾಗಿ 2020ರಲ್ಲಿ ಘೋಷಿಸಿದ ನಿಯಮದ ಗಡುವು ಮುಂದೆ ಹೋಗುತ್ತ ಹೋಗುತ್ತ 2026ರ ಕೊನೆಗೆ ಬಂದು ನಿಂತಿದೆ. ಖಾತೆ, ಸರ್ವರು, ದೂರು ಕೇಳುವ ಕೌಂಟರು ಸಾರ್ವಜನಿಕ ಬ್ಯಾಂಕಿನದು; ಗ್ರಾಹಕನ ಮುಖ ಮತ್ತು ಅವನ ಖರ್ಚಿನ ಅಭ್ಯಾಸದ ಮಾಹಿತಿ ಆ್ಯಪಿನದು. ಈ ಏರ್ಪಾಡಿಗೆ ಯಾವ ನೌಕರ ಸಂಘದ ಸಹಿಯನ್ನೂ ಯಾರೂ ಕೇಳಲಿಲ್ಲ.

ಕಾನೂನಿನಲ್ಲಿ ಸಹಿಯ ಒಂದು ನೆರಳು ಇನ್ನೂ ಉಳಿದಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಸೆಕ್ಷನ್ ಪ್ರಕಾರ, ಕಾರ್ಮಿಕರ ಕಡಿತಕ್ಕೆ ದಾರಿಯಾಗಬಹುದಾದ ತಾಂತ್ರಿಕ ಬದಲಾವಣೆ ಮಾಡುವ ಮುನ್ನ ಆಡಳಿತ 21 ದಿನಗಳ ನೋಟಿಸ್ ಕೊಡಬೇಕಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಮಾತು ಇದೆ. ಆದರೆ ಸ್ವಯಂ ನಿವೃತ್ತಿಯನ್ನು ಕಾನೂನು ಕಡಿತ ಎಂದು ಎಣಿಸುವುದಿಲ್ಲ. ನೇಮಕಾತಿ ನಿಲ್ಲಿಸುವುದೂ ಕಡಿತವಲ್ಲ, ಕೆಲಸವನ್ನು ಆ್ಯಪಿಗೆ ದಾಟಿಸುವುದೂ ಅಲ್ಲ. ಕೆಲಸದ ಬಗ್ಗೆ ಯಂತ್ರ ಕಲೆಹಾಕುವ ಮಾಹಿತಿಯ ಮಾತಂತೂ ಅಲ್ಲಿ ಇಲ್ಲವೇ ಇಲ್ಲ. ಮುಂದಿನ ದ್ವಿಪಕ್ಷೀಯ ವೇತನ ಒಪ್ಪಂದಕ್ಕೆ ಕೂರುವ ಬ್ಯಾಂಕ್ ನೌಕರ ಸಂಘಗಳು ತುಟ್ಟಿಭತ್ಯೆಯ ಶೇಕಡಾವಾರಿನ ಜೊತೆಗೆ ಈ ಒಂದು ಕಲಮನ್ನೂ ಬೇಡಿಕೆ ಪಟ್ಟಿಯಲ್ಲಿ ಸೇರಿಸಲಿ: ಹೊಸ ಸಾಫ್ಟ್‌ವೇರ್ ಶಾಖೆಗೆ ಇಳಿಯುವ ಮುನ್ನ, ಅದು ಯಾರ ಕೆಲಸವನ್ನು ಏನು ಮಾಡುತ್ತದೆ, ಯಾರ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರಹದಲ್ಲಿ ಕೊಡಬೇಕು. 1983ರಲ್ಲಿ ಸಾಧ್ಯವಾದದ್ದನ್ನು ಕೇಳಲು ಈಗ ಹಿಂಜರಿಯಬೇಕಿಲ್ಲ.